ಮಣ್ಣಿನ ದಾರಿಯಲ್ಲಿ ಕಾರು ತಿರುಗುವುದು ಹೇಗೆ? ರ‍್ಯಾಲಿ ಶಾಲೆಯ ಒಂದು ದಿನದ ಪಾಠ

ರ‍್ಯಾಲಿ ಡ್ರೈವಿಂಗ್ ಶಾಲೆಗೆ ಒಂದು ದಿನದ ಮಟ್ಟಿಗೆ ಹೋಗುವವರಲ್ಲಿ ಹೆಚ್ಚಿನವರು ವೇಗದ ಆಸೆಯಿಂದಲೇ ಹೋಗುತ್ತಾರೆ. ಅಲ್ಲಿ ಕಲಿಸುವುದು ಬೇರೆ. ಬೆಳಗಿನ ಹೊತ್ತು ಪೂರ್ತಿ ಕಾರು ಎರಡನೇ ಗೇರ್ ದಾಟುವುದೇ ಅಪರೂಪ. ಒಂದು ಬಯಲು, ಸಡಿಲ ಜಲ್ಲಿ, ಅಲ್ಲಲ್ಲಿ ಕಿತ್ತಳೆ ಬಣ್ಣದ ಕೋನ್‌ಗಳು. ವರ್ಷಗಟ್ಟಲೆ ಕಾರು ಓಡಿಸಿದವರಿಗೂ ಅಷ್ಟರಲ್ಲೇ ಒಂದು ವಿಷಯ ಮನದಟ್ಟಾಗುತ್ತದೆ. ಜಾರುವ ನೆಲದಲ್ಲಿ ಕಾರನ್ನು ತಿರುಗಿಸುವುದರಲ್ಲಿ ಕೈಗಿಂತ ಕಾಲಿನ ಕೆಲಸವೇ ಜಾಸ್ತಿ. ಬ್ರೇಕು, ಆಕ್ಸಿಲರೇಟರು ಕಾರಿನ ಭಾರವನ್ನು ಮುಂದಕ್ಕೂ ಹಿಂದಕ್ಕೂ ಸರಿಸುತ್ತವೆ. ಭಾರ ಎಲ್ಲಿ ಕೂತಿದೆಯೋ ಅಲ್ಲಿ ಗ್ರಿಪ್. ಟಿವಿಯಲ್ಲಿ ನೋಡುತ್ತೀರಲ್ಲ, ಅಡ್ಡಡ್ಡ ಜಾರುತ್ತಾ ತಿರುವು ದಾಟುವ ಕಾರುಗಳು, ಅವೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ರ‍್ಯಾಲಿ ಎಂದರೆ ಏನು ಅನ್ನುವುದನ್ನು ಬೇಗ ಮುಗಿಸಿಬಿಡೋಣ. ಸರ್ಕ್ಯೂಟ್ ರೇಸ್‌ನಲ್ಲಿ ಎಲ್ಲ ಕಾರುಗಳೂ ಒಟ್ಟಿಗೆ ಹೊರಟು ಒಂದೇ ಟ್ರ್ಯಾಕ್ ಸುತ್ತುತ್ತವೆ. ರ‍್ಯಾಲಿಯಲ್ಲಿ ಕಾರುಗಳು ಒಂದೊಂದಾಗಿ, ಕೆಲವು ನಿಮಿಷಗಳ ಅಂತರದಲ್ಲಿ ಹೊರಡುತ್ತವೆ. ಪೈಪೋಟಿ ಗಡಿಯಾರದ ಜೊತೆ. ಜನಸಂಚಾರ ನಿಲ್ಲಿಸಿದ ದಾರಿಯ ತುಂಡುಗಳಿಗೆ ಸ್ಪೆಷಲ್ ಸ್ಟೇಜ್ ಅನ್ನುತ್ತಾರೆ. ಅಲ್ಲಿ ಮಾತ್ರ ಓಟ. ಒಂದು ಸ್ಟೇಜ್‌ನಿಂದ ಇನ್ನೊಂದಕ್ಕೆ ಹೋಗುವಾಗ ಸಾಮಾನ್ಯ ರಸ್ತೆಯಲ್ಲಿ, ಸಿಗ್ನಲ್‌ಗೆ ನಿಂತು, ಎಲ್ಲರಂತೆ ಹೋಗಬೇಕು. ಕೊನೆಗೆ ಎಲ್ಲ ಸ್ಟೇಜ್‌ಗಳ ಸಮಯ ಕೂಡಿಸಿ, ಯಾರದು ಕಡಿಮೆಯೋ ಅವರು ಗೆದ್ದಂತೆ. ಟ್ರ್ಯಾಕ್ ಡ್ರೈವರ್‌ಗೆ ಅದೇ ತಿರುವು ನೂರು ಸಲ ಸಿಗುತ್ತದೆ. ರ‍್ಯಾಲಿ ಡ್ರೈವರ್‌ಗೆ ಪ್ರತಿ ತಿರುವೂ ಹೆಚ್ಚುಕಡಿಮೆ ಹೊಸದು. ನೆಲವೂ ಹಾಗೇ. ಮೊದಲ ಕಾರಿಗೆ ಮೇಲಿನ ಸಡಿಲ ಜಲ್ಲಿ ಸಿಗುತ್ತದೆ, ಹಿಂದೆ ಬರುವವರಿಗೆ ಜಲ್ಲಿ ಪಕ್ಕಕ್ಕೆ ಸರಿದ ಗಟ್ಟಿ ನೆಲ. ಅದಕ್ಕೇ ಈ ಶಾಲೆಗಳು ಯಾವುದೇ ಒಂದು ತಿರುವನ್ನು ಬಾಯಿಪಾಠ ಮಾಡಿಸುವುದಿಲ್ಲ. ಯಾವ ತಿರುವಿಗೂ ಒಗ್ಗುವ ಅಭ್ಯಾಸವನ್ನು ಕಾಲಿಗೆ ಕಲಿಸುತ್ತವೆ.

ಟೈರಿನ ಲೆಕ್ಕ

ನೆಲಕ್ಕೆ ತಾಗಿರುವುದು ನಾಲ್ಕು ಟೈರುಗಳ ಅಂಗೈಯಷ್ಟಗಲದ ನಾಲ್ಕು ಜಾಗಗಳು ಮಾತ್ರ. ಬ್ರೇಕ್ ಹಿಡಿಯುವುದು, ತಿರುಗುವುದು, ಮುಂದಕ್ಕೆ ನುಗ್ಗುವುದು, ಮೂರೂ ಅದರಿಂದಲೇ ಆಗಬೇಕು. ಟೈರಿನ ಗ್ರಿಪ್ಪನ್ನು ಕೈಯಲ್ಲಿರುವ ನೂರು ರೂಪಾಯಿ ಅಂದುಕೊಳ್ಳಿ. ಪೂರ್ತಿ ನೂರನ್ನೂ ಬ್ರೇಕ್‌ಗೆ ಸುರಿದರೆ ತಿರುಗಲು ಒಂದು ರೂಪಾಯಿಯೂ ಉಳಿಯುವುದಿಲ್ಲ. ಆಗ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಒಣ ಡಾಂಬರಿನ ಮೇಲೆ ಈ ನೂರು ರೂಪಾಯಿ ಧಾರಾಳ. ದಿನನಿತ್ಯದ ಓಡಾಟದಲ್ಲಿ ಅದರ ಕಾಲುಭಾಗವನ್ನೂ ನಾವು ಖರ್ಚು ಮಾಡುವುದಿಲ್ಲ. ಹಾಗಾಗಿ ಸ್ಟೀರಿಂಗ್ ತಿರುಗಿಸಿದರೆ ಕಾರು ತಿರುಗುತ್ತದೆ ಅನ್ನುವ ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿರುತ್ತದೆ. ಜಲ್ಲಿಯ ಮೇಲೆ ಗ್ರಿಪ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಒದ್ದೆ ಕೆಸರಿನಲ್ಲಿ ಇನ್ನೂ ಕಡಿಮೆ.

ಇದನ್ನು ಮೈಗೆ ಹತ್ತಿಸಲು ಶಾಲೆಗಳು ಬಳಸುವ ಮೊದಲ ಅಭ್ಯಾಸ ತುಂಬಾ ಸರಳ. ಜಲ್ಲಿ ಬಯಲಿನಲ್ಲಿ ಒಂದು ವೃತ್ತ. ನಡುವೆ ಕೋನ್. ಅದರ ಸುತ್ತ ಎರಡನೇ ಗೇರಿನಲ್ಲಿ ಒಂದೇ ವೇಗದಲ್ಲಿ ಸುತ್ತಬೇಕು.

ವೃತ್ತದ ತ್ರಿಜ್ಯ 15 ಮೀಟರ್ ಇದೆ ಅಂತಿಟ್ಟುಕೊಳ್ಳಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಕಾರು ಹೇಗೋ ಸುತ್ತುತ್ತದೆ. ಜಲ್ಲಿ ಕೊಡಬಲ್ಲ ಗ್ರಿಪ್ ಅಲ್ಲಿಗೆ ಬಹುತೇಕ ಮುಗಿದಿರುತ್ತದೆ. ಈಗ ಆಕ್ಸಿಲರೇಟರ್ ಸ್ವಲ್ಪ ಒತ್ತಿ. ವೇಗ 36 ಆಯಿತು. ಬರೀ ಆರು ಕಿಲೋಮೀಟರ್ ಜಾಸ್ತಿ, ಅಲ್ವಾ? ಆದರೆ ತಿರುಗಲು ಬೇಕಾದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಶೇಕಡ 20ರಷ್ಟು ವೇಗ ಹೆಚ್ಚಾದರೆ ಬೇಕಾಗುವ ಗ್ರಿಪ್ ಶೇಕಡ 44ರಷ್ಟು ಹೆಚ್ಚು. ಅಷ್ಟು ಗ್ರಿಪ್ ಆ ನೆಲದಲ್ಲಿ ಇಲ್ಲ. ಕಾರಿನ ಮೂತಿ ಮೆಲ್ಲಗೆ ವೃತ್ತದ ಹೊರಕ್ಕೆ ಸರಿಯಲು ಶುರು. ಇದಕ್ಕೆ ಅಂಡರ್‌ಸ್ಟಿಯರ್ ಅನ್ನುತ್ತಾರೆ.

ಆಗ ಕೂತವರು ಏನು ಮಾಡುತ್ತಾರೆ? ಎಲ್ಲರೂ ಮಾಡುವುದು ಒಂದೇ. ಸ್ಟೀರಿಂಗನ್ನು ಇನ್ನಷ್ಟು ಒಳಕ್ಕೆ ತಿರುಗಿಸುತ್ತಾರೆ. ಮುಂದಿನ ಟೈರುಗಳು ಇನ್ನೂ ಅಡ್ಡವಾಗಿ ಜಲ್ಲಿಯನ್ನು ಕೆರೆಯುತ್ತವೆ, ಕಾರು ಮಾತ್ರ ಹೊರಗೇ ಹೋಗುತ್ತದೆ. ಪಕ್ಕದಲ್ಲಿರುವ ಇನ್‌ಸ್ಟ್ರಕ್ಟರ್ ಹೇಳುವುದು ಇಷ್ಟೇ: ಸ್ಟೀರಿಂಗ್ ಹಾಗೇ ಇರಲಿ, ಆಕ್ಸಿಲರೇಟರಿಂದ ಕಾಲು ತೆಗೆಯಿರಿ. ತೆಗೆದ ಕೂಡಲೇ ಮೂತಿ ಒಳಕ್ಕೆ ಬರುತ್ತದೆ. ಕೈ ಅಲುಗಿಸದೆಯೇ ಕಾರು ತಿರುಗಿತು! ಇಡೀ ದಿನದ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಗಳಿಗೆ ಇದು. ಇದು ಅರ್ಥವಾದವರಿಗೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಭಾರ ಓಡಾಡುವುದು

ಕಾಲು ತೆಗೆದರೆ ಮೂತಿ ಯಾಕೆ ಒಳಬಂತು? ವೇಗ ಇಳಿದದ್ದು ಒಂದು ಕಾರಣ. ಇನ್ನೊಂದು, ಇದಕ್ಕಿಂತ ಬೇಗ ಕೆಲಸ ಮಾಡುವ ಕಾರಣ, ಭಾರ ಮುಂದಕ್ಕೆ ಬಂದದ್ದು. ಬ್ರೇಕ್ ಹಿಡಿದಾಗ ಕಾರಿನ ಮೂತಿ ತಗ್ಗುವುದನ್ನು ನೀವು ನೋಡಿದ್ದೀರಿ. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಹಿಂಭಾಗ ಕುಳಿತು ಮೂತಿ ಏಳುತ್ತದೆ. ಇದು ಬರೀ ಕಣ್ಣಿಗೆ ಕಾಣುವ ಅಲುಗಾಟವಲ್ಲ, ಪ್ರತಿ ಟೈರಿನ ಮೇಲಿನ ಒತ್ತಡವೇ ಬದಲಾಗುತ್ತದೆ.

ಒಂದು ಲೆಕ್ಕ ಮಾಡೋಣ. ಕಾರಿನ ತೂಕ 1200 ಕೆಜಿ. ಎಂಜಿನ್ ಮುಂದಿರುವುದರಿಂದ ನಿಂತಾಗ ಮುಂದಿನ ಚಕ್ರಗಳ ಮೇಲೆ 720 ಕೆಜಿ, ಹಿಂದೆ 480 ಕೆಜಿ. ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರ, ಮುಂದಿನ ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರ್. ಜಲ್ಲಿಯ ಮೇಲೆ ಚೆನ್ನಾಗಿ ಬ್ರೇಕ್ ಹಿಡಿದರೆ ಸುಮಾರು 120 ಕೆಜಿ ಭಾರ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಈಗ ಮುಂದೆ 840, ಹಿಂದೆ 360. ಹಿಂದಿನ ಟೈರುಗಳು ತಮ್ಮ ಮೇಲಿನ ಭಾರದಲ್ಲಿ ಕಾಲುಭಾಗ ಕಳೆದುಕೊಂಡವು. ಮುಂದಿನವು ಜಲ್ಲಿಗೆ ಗಟ್ಟಿಯಾಗಿ ಕಚ್ಚಿಕೊಂಡವು. ಈ ಗಳಿಗೆಯಲ್ಲಿ ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೂ ಮೂತಿ ಚುರುಕಾಗಿ ಒಳಹೋಗುತ್ತದೆ, ಹಗುರಾದ ಹಿಂಭಾಗ ಹೊರಕ್ಕೆ ಬೀಸುತ್ತದೆ. ಕಾರು ತನ್ನ ನಡುವಿನ ಸುತ್ತಲೇ ತಿರುಗುತ್ತದೆ.

ನಮ್ಮ ಡ್ರೈವಿಂಗ್ ಶಾಲೆಗಳಲ್ಲಿ ಹೇಳಿಕೊಡುವುದು, ತಿರುವಿಗೆ ಮುಂಚೆ ಬ್ರೇಕ್ ಹಿಡಿದು ಪೂರ್ತಿ ಬಿಡಿ, ಆಮೇಲೆ ತಿರುಗಿಸಿ ಅಂತ. ಊರಿನ ರಸ್ತೆಗೆ ಅದು ಸರಿ. ರ‍್ಯಾಲಿಯಲ್ಲಿ ಬ್ರೇಕನ್ನು ಒಂದೇ ಸಲಕ್ಕೆ ಬಿಡುವುದಿಲ್ಲ. ತಿರುವಿನೊಳಗೆ ಹೋಗುವಾಗಲೂ ಅದನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾ ಹೋಗುತ್ತಾರೆ. ಭಾರ ಮುಂದೆಯೇ ಇರಲಿ, ಮೂತಿ ಕಚ್ಚಿಕೊಂಡೇ ಇರಲಿ ಅಂತ. ಇದಕ್ಕೆ ಟ್ರೇಲ್ ಬ್ರೇಕಿಂಗ್ ಅನ್ನುತ್ತಾರೆ. ಎಷ್ಟು ಬೇಗ ಬಿಟ್ಟರೆ ಮೂತಿ ಹೊರಗೆ ಹೋಗುತ್ತದೆ, ಎಷ್ಟು ತಡವಾದರೆ ಹಿಂಭಾಗ ತೀರಾ ಬೀಸಿಬಿಡುತ್ತದೆ ಅನ್ನುವುದನ್ನು ಕಾಲೇ ಕಲಿಯಬೇಕು. ಮಧ್ಯಾಹ್ನದವರೆಗಿನ ಅಭ್ಯಾಸ ಹೆಚ್ಚಾಗಿ ಇದರದ್ದೇ.

ಇಲ್ಲಿ ಎಬಿಎಸ್ ಬಗ್ಗೆ ಒಂದು ಮಾತು. ಬ್ರೇಕ್ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ, ಅಂದರೆ ತಿರುಗುವುದು ನಿಲ್ಲದಂತೆ ನೋಡಿಕೊಳ್ಳುವ ವ್ಯವಸ್ಥೆ ಇದು. ಡಾಂಬರಿನ ಮೇಲೆ ಎಬಿಎಸ್ ಜೀವ ಉಳಿಸುವ ಸಾಧನ. ನಿಮ್ಮ ಕಾರಿನಲ್ಲಿದ್ದರೆ ಅದನ್ನು ಖಂಡಿತ ಮುಟ್ಟಬೇಡಿ. ಸಡಿಲ ಜಲ್ಲಿಯ ಲೆಕ್ಕ ಮಾತ್ರ ಬೇರೆ. ಅಲ್ಲಿ ಚಕ್ರ ಲಾಕ್ ಆದರೆ ಟೈರು ನೆಲಕ್ಕೆ ಅಗೆದುಕೊಂಡು, ತನ್ನ ಮುಂದೆ ಜಲ್ಲಿಯ ಸಣ್ಣ ಗುಡ್ಡೆಯೊಂದನ್ನು ಕೂಡಿಹಾಕುತ್ತದೆ. ಆ ಗುಡ್ಡೆ ಕಾರನ್ನು ತಡೆಯುತ್ತದೆ. ಎಬಿಎಸ್ ಚಕ್ರವನ್ನು ಲಾಕ್ ಆಗಲು ಬಿಡುವುದೇ ಇಲ್ಲವಾದ್ದರಿಂದ ಜಲ್ಲಿಯಲ್ಲಿ ಕಾರು ನಿಲ್ಲಲು ಇನ್ನೂ ದೂರ ಬೇಕಾಗುತ್ತದೆ. ರ‍್ಯಾಲಿ ಕಾರುಗಳಲ್ಲಿ ಎಬಿಎಸ್ ಇಲ್ಲದಿರುವುದು ಇದಕ್ಕೇ. 60ರ ವೇಗದಿಂದ ನಿಲ್ಲಲು ಒಣ ಡಾಂಬರಿನಲ್ಲಿ ಸುಮಾರು 18 ಮೀಟರ್ ಸಾಕು ಅನ್ನುವ ಕಡೆ ಜಲ್ಲಿಯಲ್ಲಿ 28 ಮೀಟರ್ ಆಸುಪಾಸು ಬೇಕು. ಮಲೆನಾಡಿನ ಮಣ್ಣು ದಾರಿಯಲ್ಲಿ ಓಡಾಡುವವರಿಗೂ ಈ ವ್ಯತ್ಯಾಸ ನೆನಪಿದ್ದರೆ ಒಳ್ಳೆಯದು.

ಎಡಗಾಲಿನ ಶಿಕ್ಷಣ

ಒಂದು ದಿನದ ತರಬೇತಿಯಲ್ಲಿ ಎಲ್ಲರನ್ನೂ ಸುಸ್ತು ಮಾಡುವುದು ಎಡಗಾಲಿನ ಬ್ರೇಕಿಂಗ್. ನಮ್ಮ ಎಡಗಾಲಿಗೆ ಗೊತ್ತಿರುವುದು ಕ್ಲಚ್ ಒಂದೇ. ಪೂರ್ತಿ ಒತ್ತು, ಮೆಲ್ಲಗೆ ಬಿಡು. ಅದೇ ಕಾಲನ್ನು ಬ್ರೇಕ್ ಮೇಲೆ ಇಟ್ಟರೆ ಅದು ಕ್ಲಚ್ ಅಂತಲೇ ತಿಳಿದು ಒಂದೇ ಏಟಿಗೆ ಒತ್ತಿಬಿಡುತ್ತದೆ. ಕಾರು ಮುಗ್ಗರಿಸಿದ ಹಾಗೆ ನಿಲ್ಲುತ್ತದೆ. ಬೆಲ್ಟು ಎದೆಗೆ ಬಿಗಿಯುತ್ತದೆ. ಹೆಲ್ಮೆಟ್ ಮುಂದಕ್ಕೆ ತೂಗುತ್ತದೆ. ಇನ್‌ಸ್ಟ್ರಕ್ಟರ್ ಮತ್ತೆ ಹೇಳುತ್ತಾರೆ: ಹಿಮ್ಮಡಿ ನೆಲಕ್ಕೆ ಊರಿ, ಹೆಬ್ಬೆರಳಿನ ಬುಡದಿಂದ ಮಾತ್ರ ಒತ್ತಿ, ಪೆಡಲ್ ಅಲುಗಿತೋ ಇಲ್ಲವೋ ಅನ್ನುವಷ್ಟು. ನೇರ ದಾರಿಯಲ್ಲಿ ನಿಧಾನಕ್ಕೆ ಹೋಗುತ್ತಾ, ಬಲಗಾಲು ಆಕ್ಸಿಲರೇಟರ್ ಮೇಲೆ ಇರುವಾಗಲೇ ಎಡಗಾಲಲ್ಲಿ ಹೀಗೆ ಮುಟ್ಟಿ ಮುಟ್ಟಿ ಬಿಡುವುದು. ಹತ್ತಾರು ಸಲ ಮಾಡಿದ ಮೇಲೆ ಕಾಲು ಸ್ವಲ್ಪ ಪಳಗುತ್ತದೆ. ಇದನ್ನು ದಯವಿಟ್ಟು ಸಾರ್ವಜನಿಕ ರಸ್ತೆಯಲ್ಲಿ ಪ್ರಯತ್ನಿಸಬೇಡಿ. ಹಿಂದೆ ಬರುವವರು ನಿಮ್ಮ ಕಾರಿನ ಹಿಂಭಾಗಕ್ಕೆ ಗುದ್ದುವುದು ಗ್ಯಾರಂಟಿ.

ಎರಡೂ ಪೆಡಲ್ ಒಟ್ಟಿಗೆ ಒತ್ತುವುದರಿಂದ ಏನು ಲಾಭ? ಮುಂದಿನ ಚಕ್ರಗಳನ್ನು ಎಂಜಿನ್ ಎಳೆಯುವ ಕಾರಿನಲ್ಲಿ ಇದರ ಗಮ್ಮತ್ತು ಗೊತ್ತಾಗುತ್ತದೆ. ಬ್ರೇಕ್ ನಾಲ್ಕೂ ಚಕ್ರಗಳನ್ನು ಹಿಡಿಯುತ್ತದೆ. ಮುಂದಿನ ಎರಡನ್ನು ಎಂಜಿನ್ ಬಿಡದೆ ತಿರುಗಿಸುತ್ತಿರುತ್ತದೆ. ಹಾಗಾಗಿ ಬ್ರೇಕಿನ ಪೆಟ್ಟು ಹೆಚ್ಚಾಗಿ ಬೀಳುವುದು ಹಿಂದಿನ ಚಕ್ರಗಳ ಮೇಲೆ. ಅವು ಜಾರುತ್ತವೆ, ಮೂತಿ ಒಳಕ್ಕೆ ಬರುತ್ತದೆ. ತಿರುವಿನ ನಡುವೆ ಕಾರು ಹೊರಗೆ ಹೋಗುತ್ತಿದೆ ಅನಿಸಿದರೆ ಆಕ್ಸಿಲರೇಟರ್ ಬಿಡದೆಯೇ ಎಡಗಾಲು ಒಂದು ಸಲ ಮುಟ್ಟಿದರೆ ಸಾಕು, ದಾರಿ ಸರಿಹೋಗುತ್ತದೆ. ಬಲಗಾಲನ್ನು ಒಂದು ಪೆಡಲಿಂದ ಇನ್ನೊಂದಕ್ಕೆ ಎತ್ತಿಡುವ ಹೊತ್ತೂ ಉಳಿಯಿತು. ಟರ್ಬೋ ಕಾರಾದರೆ ಅದರ ಒತ್ತಡವೂ ಬೀಳುವುದಿಲ್ಲ.

ಇದು ಹುಟ್ಟಿ ಬೆಳೆದದ್ದು ಉತ್ತರ ಯುರೋಪಿನ ಹಿಮದ ದಾರಿಗಳಲ್ಲಿ. ಸ್ವೀಡನ್ನಿನ ಎರಿಕ್ ಕಾರ್ಲ್‌ಸನ್ ಓಡಿಸುತ್ತಿದ್ದದ್ದು ಸಾಬ್ 96 ಅನ್ನುವ ಪುಟ್ಟ ಕಾರು. ಮುಂದಿನ ಚಕ್ರಗಳೇ ಎಳೆಯುವಂಥದ್ದು, ಎಂಜಿನ್ ಶಕ್ತಿಯೂ ಅಷ್ಟಕ್ಕಷ್ಟೆ. ವೇಗ ಒಮ್ಮೆ ಬಿದ್ದರೆ ಮತ್ತೆ ಏರಲು ಯುಗ ಬೇಕು. ಹಾಗಾಗಿ ವೇಗ ಬೀಳಲು ಬಿಡದೆ ತಿರುಗಿಸುವುದನ್ನು ಅವರು ರೂಢಿಸಿಕೊಂಡರು. 1960ರಿಂದ 1962ರವರೆಗೆ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿಯನ್ನು ಸತತ ಮೂರು ಸಲ, 1962 ಮತ್ತು 1963ರಲ್ಲಿ ಮಾಂಟೆ ಕಾರ್ಲೋ ರ‍್ಯಾಲಿಯನ್ನು ಗೆದ್ದರು. ಆಮೇಲೆ ಫಿನ್ಲೆಂಡಿನ ರೌನೋ ಆಲ್ಟೋನೆನ್, ಟಿಮೋ ಮ್ಯಾಕಿನೆನ್ ಇದೇ ವಿದ್ಯೆಯನ್ನು ಮಿನಿ ಕೂಪರ್‌ನಲ್ಲಿ ತೋರಿಸಿ ದೊಡ್ಡ ಎಂಜಿನ್ನಿನ ಕಾರುಗಳನ್ನು ಹಿಂದೆ ಹಾಕಿದರು. ಕಡಿಮೆ ಶಕ್ತಿಯ ಕಾರೇ ಒಳ್ಳೆಯ ಗುರು ಅನ್ನುವುದು ನನ್ನ ಅಭಿಪ್ರಾಯ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಟೀಮ್ ಓನೀಲ್ ಶಾಲೆ ಹೊಸಬರನ್ನು ಫೋರ್ಡ್ ಫಿಯೆಸ್ಟಾದಂಥ ಸಾಮಾನ್ಯ ಕಾರಿನಲ್ಲಿ ಕೂರಿಸುವುದು ಸುಮ್ನೆ ಅಲ್ಲ. ಶಕ್ತಿ ಇದ್ದರೆ ತಪ್ಪನ್ನು ಆಕ್ಸಿಲರೇಟರ್ ಒತ್ತಿ ಮುಚ್ಚಿಕೊಳ್ಳಬಹುದು. ಶಕ್ತಿ ಇಲ್ಲದ ಕಾರಿನಲ್ಲಿ ಭಾರವನ್ನು ಸರಿಯಾಗಿ ಸರಿಸದೆ ಬೇರೆ ದಾರಿಯೇ ಇಲ್ಲ.

ಎಡಕ್ಕೆ ಹೋಗಲು ಮೊದಲು ಬಲಕ್ಕೆ

ಮಧ್ಯಾಹ್ನ ಊಟವಾದ ಮೇಲೆ ಸಾಮಾನ್ಯವಾಗಿ ಪೆಂಡುಲಮ್ ತಿರುವಿನ ಪಾಠ. ಸ್ಕ್ಯಾಂಡಿನೇವಿಯನ್ ಫ್ಲಿಕ್ ಅಂತಲೂ ಕರೆಯುತ್ತಾರೆ. ನೋಡುವವರಿಗೆ ಸರ್ಕಸ್, ಒಳಗಿನ ಲೆಕ್ಕ ಸರಳ. ಮುಂದೆ ಬಿಗಿಯಾದ ಎಡ ತಿರುವು ಇದೆ. ಡ್ರೈವರ್ ಮೊದಲು ಬಲಕ್ಕೆ ತಿರುಗಿಸಿ ಬ್ರೇಕ್ ಮುಟ್ಟುತ್ತಾರೆ. ಹಿಂಭಾಗ ಹಗುರಾಗಿ ಎಡಕ್ಕೆ ಜಾರುತ್ತದೆ. ಸ್ಪ್ರಿಂಗುಗಳು ಒಂದು ಪಕ್ಕಕ್ಕೆ ಒತ್ತಿಕೊಂಡಿವೆ. ಈಗ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರೆ ಒತ್ತಿಕೊಂಡ ಭಾರ ವಾಪಸ್ ಇನ್ನೊಂದು ಪಕ್ಕಕ್ಕೆ ಬೀಸಿ ಬರುತ್ತದೆ. ಆ ಬೀಸಿಗೆ ಹಿಂಭಾಗ ಬಲಕ್ಕೆ ಹೋಗಿ, ತಿರುವು ಶುರುವಾಗುವ ಮುಂಚೆಯೇ ಕಾರಿನ ಮೂತಿ ತಿರುವಿನ ಒಳಕ್ಕೆ ನೋಡುತ್ತಿರುತ್ತದೆ. ಅಲ್ಲಿಂದ ಆಕ್ಸಿಲರೇಟರ್ ಒತ್ತಿ ಹೊರಬರುವುದಷ್ಟೇ ಉಳಿದ ಕೆಲಸ.

ಇದರ ನಿಜವಾದ ಉಪಯೋಗ ಚಂದಕ್ಕಲ್ಲ. ಮುಂದಿನ ತಿರುವು ಎಷ್ಟು ಬಿಗಿ ಅಂತ ಪೂರ್ತಿ ಕಾಣದ ದಾರಿಯಲ್ಲಿ, ಮೊದಲೇ ಅಡ್ಡ ತಿರುಗಿದ ಕಾರಿನ ಕೈಯಲ್ಲಿ ಆಯ್ಕೆಗಳಿರುತ್ತವೆ. ತಿರುವು ಅಂದುಕೊಂಡದ್ದಕ್ಕಿಂತ ಬಿಗಿಯಾಗಿದ್ದರೆ ಇನ್ನಷ್ಟು ಜಾರಿಸಿ ವೇಗ ಕಳೆದುಕೊಳ್ಳಬಹುದು. ಸಡಿಲವಾಗಿದ್ದರೆ ಸ್ಟೀರಿಂಗ್ ನೇರ ಮಾಡಿ ಬೇಗ ಹೊರಡಬಹುದು. ನೇರವಾಗಿ ನುಗ್ಗಿದ ಕಾರಿಗೆ ಇರುವುದು ಒಂದೇ ಆಯ್ಕೆ, ಚರಂಡಿ.

ಹ್ಯಾಂಡ್‌ಬ್ರೇಕ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದಕ್ಕೆ ಇರುವ ಜಾಗ ಚಿಕ್ಕದು. ಘಾಟಿಯಲ್ಲಿ ಬರುವಂಥ ಹೇರ್‌ಪಿನ್ ತಿರುವಿನಲ್ಲಿ ವೇಗ ತೀರಾ ಕಡಿಮೆ, ಬೀಸಲು ಭಾರಕ್ಕೆ ಶಕ್ತಿ ಸಾಲದು. ಅಲ್ಲಿ ಕ್ಲಚ್ ಒತ್ತಿ ಹ್ಯಾಂಡ್‌ಬ್ರೇಕ್ ಒಂದು ಸಲ ಎಳೆದರೆ ಹಿಂದಿನ ಚಕ್ರ ಲಾಕ್ ಆಗಿ ಕಾರು ಗಿರಕಿ ಹೊಡೆಯುತ್ತದೆ. ಬೇರೆ ತಿರುವುಗಳಲ್ಲಿ ಅದನ್ನು ಎಳೆದರೆ ಸಮಯ ಹಾಳು.

ಈ ಎಲ್ಲದರ ನಡುವೆ ಇನ್‌ಸ್ಟ್ರಕ್ಟರ್ ದಿನವಿಡೀ ಹೇಳುತ್ತಲೇ ಇರುವ ಮಾತೊಂದಿದೆ: ಕಣ್ಣು ಎಲ್ಲಿಗೆ ಹೋಗಬೇಕೋ ಅಲ್ಲಿರಲಿ. ಕಾರು ಜಾರಿದಾಗ ನಮ್ಮ ಕಣ್ಣು ತಾನಾಗಿ ಹೆದರಿಕೆಯ ಕಡೆ ಹೋಗುತ್ತದೆ. ಮರ ನೋಡಿದರೆ ಕೈ ಮರದ ಕಡೆಗೇ ತಿರುಗುತ್ತದೆ. ಪಕ್ಕದ ಕಿಟಕಿಯಿಂದ ದಾರಿ ನೋಡುವ ಅಭ್ಯಾಸವಾಗಬೇಕು. ಅಡ್ಡ ಜಾರುವ ಕಾರಿನಲ್ಲಿ ದಾರಿ ಇರುವುದು ಪಕ್ಕದ ಕಿಟಕಿಯಲ್ಲೇ.

ಪಕ್ಕದ ಸೀಟಿನ ದನಿ

ಒಬ್ಬರೇ ಇದ್ದರೆ ರ‍್ಯಾಲಿ ಕಾರು ಓಡುವುದಿಲ್ಲ. ಪಕ್ಕದಲ್ಲಿ ಕೋ-ಡ್ರೈವರ್ ಕೂತು ಪೇಸ್‌ನೋಟ್ಸ್, ಅಂದರೆ ಮುಂದಿನ ತಿರುವುಗಳ ಟಿಪ್ಪಣಿ ಓದುತ್ತಾರೆ. ರ‍್ಯಾಲಿಗೆ ಮುಂಚೆ ಇಬ್ಬರೂ ಸಾಮಾನ್ಯ ವೇಗದಲ್ಲಿ ದಾರಿ ನೋಡಿಬರುತ್ತಾರೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದೊಂದು ಸ್ಟೇಜನ್ನು ಹೀಗೆ ನೋಡಲು ಎರಡೇ ಸಲ ಅವಕಾಶ. ಮೊದಲ ಸಲ ಡ್ರೈವರ್ ಹೇಳಿದ್ದನ್ನು ಕೋ-ಡ್ರೈವರ್ ಬರೆದುಕೊಳ್ಳುತ್ತಾರೆ, ಎರಡನೇ ಸಲ ತಿದ್ದುತ್ತಾರೆ. ತಿರುವುಗಳಿಗೆ ಅಂಕಿ ಕೊಡುವುದು ರೂಢಿ. ಹೆಚ್ಚು ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಒಂದು ಅಂದರೆ ತೀರಾ ಬಿಗಿ, ಆರು ಅಂದರೆ ಬಹುತೇಕ ನೇರ.

ಒಂದು ಸಾಲು ಹೀಗಿರುತ್ತದೆ: "ಹಂಡ್ರೆಡ್, ಲೆಫ್ಟ್ ಫೋರ್ ಓವರ್ ಕ್ರೆಸ್ಟ್, ಟೈಟನ್ಸ್ ತ್ರೀ, ಡೋಂಟ್ ಕಟ್." ನೂರು ಮೀಟರ್ ನೇರ. ಆಮೇಲೆ ನಾಲ್ಕನೇ ಅಂಕಿಯ ಎಡ ತಿರುವು, ಅದು ಒಂದು ದಿಬ್ಬದ ನೆತ್ತಿಯ ಮೇಲೆ ಇದೆ. ದಿಬ್ಬ ದಾಟಿದ ಮೇಲೆ ತಿರುವು ಮೂರಕ್ಕೆ ಬಿಗಿಯಾಗುತ್ತದೆ. ಒಳ ಅಂಚಿನಲ್ಲಿ ಕಲ್ಲೋ ಮೋರಿಯೋ ಇದೆ, ಅಡ್ಡ ಹಾಯಬೇಡ.

ಇದರಲ್ಲಿ ದಿಬ್ಬದ ಮಾತು ಯಾಕೆ ಬಂತು ಅಂತ ಈಗ ನಿಮಗೇ ಹೊಳೆದಿರಬೇಕು. ದಿಬ್ಬದ ನೆತ್ತಿ ದಾಟುವಾಗ ಕಾರು ಹಗುರಾಗುತ್ತದೆ. ನಾಲ್ಕೂ ಟೈರುಗಳ ಮೇಲೆ ಭಾರ ಕಡಿಮೆ, ಹಾಗಾಗಿ ಗ್ರಿಪ್ಪೂ ಕಡಿಮೆ. ತಿರುವು ಬಿಗಿಯಾಗುವುದೂ ಸರಿಯಾಗಿ ಅಲ್ಲೇ. ಆದ್ದರಿಂದ ಬ್ರೇಕ್ ಹಿಡಿದು, ಕಾರನ್ನು ತಿರುಗಿಸಿ ಸಿದ್ಧ ಮಾಡಿಕೊಳ್ಳುವ ಕೆಲಸವೆಲ್ಲ ದಿಬ್ಬ ಹತ್ತುವಾಗಲೇ ಮುಗಿಯಬೇಕು. ತಗ್ಗಿನಲ್ಲಿ ಇದರ ಉಲ್ಟಾ. ಕಾರು ನೆಲಕ್ಕೆ ಒತ್ತಿಕೊಳ್ಳುತ್ತದೆ, ಗ್ರಿಪ್ ಸಿಗುತ್ತದೆ, ಬ್ರೇಕ್ ಹಿಡಿಯಲು ಒಳ್ಳೆಯ ಜಾಗ. ಪೇಸ್‌ನೋಟ್ಸ್ ಕೇಳಿದರೆ ದಾರಿಯ ನಕ್ಷೆ ಅನ್ನಿಸುತ್ತದೆ. ಡ್ರೈವರ್ ಅದರಲ್ಲಿ ಭಾರ ಯಾವಾಗ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಕೇಳಿಸಿಕೊಳ್ಳುತ್ತಾರೆ.

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಮೇಲಿನ ಸಾಲನ್ನು ಓದಲು ಮೂರು ಸೆಕೆಂಡ್ ಹಿಡಿದರೆ 80 ಮೀಟರಿಗೂ ಜಾಸ್ತಿ ದೂರ ಕಳೆದೇಹೋಯಿತು. ಹಾಗಾಗಿ ಕೋ-ಡ್ರೈವರ್ ಈಗಿನ ತಿರುವಿನಲ್ಲಿರುವಾಗಲೇ ಮುಂದಿನದನ್ನು, ಕೆಲವೊಮ್ಮೆ ಅದರ ಮುಂದಿನದನ್ನೂ ಓದುತ್ತಿರುತ್ತಾರೆ. ಅವರ ತಲೆ ಹಾಳೆಯಲ್ಲಿ ಬಗ್ಗಿರುತ್ತದೆ. ಕಾರು ಎಲ್ಲಿದೆ ಅನ್ನುವುದನ್ನು ಹೆಚ್ಚಾಗಿ ಸೀಟಿನ ಅಲುಗಾಟದಿಂದಲೇ ತಿಳಿಯುತ್ತಾರೆ. ಈ ಕ್ರೀಡೆಯಲ್ಲಿ ಅವರಿಗೆ ಸಿಗುವ ಹೆಸರು ಅವರ ಕೆಲಸಕ್ಕೆ ಹೋಲಿಸಿದರೆ ತೀರಾ ಕಡಿಮೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಕಾರು, ಮತ್ತು ಕಾರನ್ನು ಉಳಿಸಿಕೊಳ್ಳುವುದು

ಶೋರೂಮಿನ ಕಾರಿಗೂ ರ‍್ಯಾಲಿ ಕಾರಿಗೂ ಹೊರಗಿನ ಆಕಾರ ಹೆಚ್ಚುಕಡಿಮೆ ಒಂದೇ. ಒಳಗೆ ಕಾರು ಮಗುಚಿದರೂ ಕೂತವರನ್ನು ಕಾಯುವ ಉಕ್ಕಿನ ಪೈಪುಗಳ ಪಂಜರ, ಅಂದರೆ ರೋಲ್‌ಕೇಜ್, ಮೈಯನ್ನು ಸೀಟಿಗೆ ಕಟ್ಟಿಹಾಕುವ ಬೆಲ್ಟುಗಳು, ಹೆಲ್ಮೆಟ್ಟಿಗೆ ಸಿಕ್ಕಿಸಿ ಕತ್ತನ್ನು ಕಾಯುವ ಹಾನ್ಸ್ ಪಟ್ಟಿ, ಬೆಂಕಿ ಆರಿಸುವ ವ್ಯವಸ್ಥೆ. ಕೆಳಗೆ ಎಂಜಿನ್ನಿಗೆ ಕಲ್ಲು ಬಡಿಯದಂತೆ ದಪ್ಪ ತಗಡು. ಸಸ್ಪೆನ್ಷನ್ ಉದ್ದಕ್ಕೆ ಮೇಲೆ ಕೆಳಗೆ ಓಡಾಡುತ್ತದೆ. ಹಳ್ಳ ಬಂದಾಗ ಚಕ್ರ ಗಾಳಿಯಲ್ಲಿ ತೇಲದೆ ನೆಲಕ್ಕೇ ಅಂಟಿಕೊಂಡಿರಬೇಕಲ್ಲ, ಅದಕ್ಕೆ. ಟೈರಿನ ವಿಷಯದಲ್ಲಿ ಹೊಸಬರಿಗೆ ಅಚ್ಚರಿಯಾಗುತ್ತದೆ. ವಿಶ್ವ ರ‍್ಯಾಲಿಯ ಕಾರುಗಳಿಗೆ ಡಾಂಬರಿನಲ್ಲಿ 18 ಇಂಚಿನ ಅಗಲ ಚಕ್ರ, ಜಲ್ಲಿಯಲ್ಲಿ 15 ಇಂಚಿನ ಕಿರಿದಾದ ಚಕ್ರ. ಕಿರಿದಾದ ಟೈರು ಸಡಿಲ ಜಲ್ಲಿಯನ್ನು ಕೊಯ್ದು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಅಗಲ ಟೈರು ಮೇಲೇ ತೇಲಿಬಿಡುತ್ತದೆ.

ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ಆಡಿ ಕ್ವಾಟ್ರೋ 1981ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗೆ ಬಂದ ಮೇಲೆ ಆಟದ ಸ್ವರೂಪವೇ ಬದಲಾಯಿತು. ಅದೇ ವರ್ಷ ಆ ಕಾರಿನಲ್ಲಿ ಫ್ರಾನ್ಸಿನ ಮಿಷೆಲ್ ಮೂಟೋನ್ ಇಟಲಿಯ ಸಾನ್‌ರೆಮೋ ರ‍್ಯಾಲಿ ಗೆದ್ದು, ವಿಶ್ವ ರ‍್ಯಾಲಿಯ ಒಂದು ಸುತ್ತು ಗೆದ್ದ ಮೊದಲ ಮಹಿಳೆಯಾದರು. ಆದರೆ ಶಕ್ತಿಯ ಹುಚ್ಚು ಮಿತಿಮೀರಿತು. 1986ರಲ್ಲಿ ಫ್ರಾನ್ಸಿನ ಕಾರ್ಸಿಕಾ ದ್ವೀಪದ ಓಟದಲ್ಲಿ ಅಪಘಾತವಾಗಿ ಫಿನ್ಲೆಂಡಿನ ಡ್ರೈವರ್ ಹೆನ್ರಿ ಟೊಯಿವೋನೆನ್ ಮತ್ತು ಕೋ-ಡ್ರೈವರ್ ಸೆರ್ಜಿಯೋ ಕ್ರೆಸ್ಟೋ ತೀರಿಕೊಂಡ ಮೇಲೆ ಗ್ರೂಪ್ ಬಿ ಅನ್ನುವ ಆ ದೈತ್ಯ ಕಾರುಗಳ ಕಾಲವನ್ನೇ ಮುಗಿಸಬೇಕಾಯಿತು.

ಇನ್ನೊಂದು ವಿದ್ಯೆ ಇದೆ, ಒಂದು ದಿನದಲ್ಲಿ ಕಲಿಯಲಾಗದ್ದು. ಕಾರನ್ನು ಕೊನೆವರೆಗೂ ಜೀವಂತ ಇಟ್ಟುಕೊಳ್ಳುವುದು. ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿ ಇದಕ್ಕೆ ಹೆಸರುವಾಸಿ. ಹಿಂದೆಲ್ಲ ಅದು ಸಾವಿರಾರು ಕಿಲೋಮೀಟರ್ ದೂಳು, ಕೆಸರು, ಕಲ್ಲು. ಕೀನ್ಯಾದಲ್ಲಿ ಹುಟ್ಟಿ ಬೆಳೆದ ಸಿಖ್ ಜೋಗಿಂದರ್ ಸಿಂಗ್ ಅದನ್ನು 1965, 1974 ಮತ್ತು 1976ರಲ್ಲಿ ಗೆದ್ದರು. ಅವರು ಮೂಲತಃ ಗ್ಯಾರೇಜಿನ ಮೆಕ್ಯಾನಿಕ್. ಭಾರತೀಯ ಮೂಲದವರೇ ಆದ ಶೇಖರ್ ಮೆಹ್ತಾ ಐದು ಸಲ ಗೆದ್ದರು, ಅದರಲ್ಲಿ 1979ರಿಂದ 1982ರವರೆಗೆ ಸತತ ನಾಲ್ಕು. ಎಲ್ಲಿ ಒತ್ತಬೇಕು, ಎಲ್ಲಿ ಕಾರಿಗೆ ಉಸಿರಾಡಲು ಬಿಡಬೇಕು ಅನ್ನುವುದು ಗೊತ್ತಿಲ್ಲದವರಿಗೆ ಆ ದಾರಿಯಲ್ಲಿ ಗೆಲುವು ಸಿಗುತ್ತಿರಲಿಲ್ಲ.

ನಮ್ಮ ತೋಟದ ದಾರಿಗಳು

ಕರ್ನಾಟಕದಲ್ಲಿ ರ‍್ಯಾಲಿ ಅಂದರೆ ಮೊದಲು ನೆನಪಾಗುವುದು ಚಿಕ್ಕಮಗಳೂರು. ಕಾಫಿ ತೋಟಗಳ ಒಳದಾರಿಗಳು ಖಾಸಗಿ. ಸಾರ್ವಜನಿಕ ರಸ್ತೆ ಮುಚ್ಚುವ ತಾಪತ್ರಯ ಕಡಿಮೆ. ದಾರಿ ಕಿರಿದು, ಎರಡೂ ಕಡೆ ಸಿಲ್ವರ್ ಓಕ್ ಮರಗಳು, ತಿರುವಿನ ಮೇಲೆ ತಿರುವು. ಬಿಸಿಲು ಬಿದ್ದ ಕಡೆ ಮಣ್ಣು ಒಣಗಿರುತ್ತದೆ, ನೆರಳಿನ ತಿರುವಿನಲ್ಲಿ ಒದ್ದೆ. ಹತ್ತು ಮೀಟರಿನ ಅಂತರದಲ್ಲಿ ಗ್ರಿಪ್ ಬದಲಾಗುತ್ತದೆ. ಏಷ್ಯಾ-ಪೆಸಿಫಿಕ್ ಚಾಂಪಿಯನ್‌ಷಿಪ್‌ನ ಸುತ್ತುಗಳೂ ಇಲ್ಲಿ ನಡೆದಿವೆ. ಆ ಚಾಂಪಿಯನ್‌ಷಿಪ್ಪನ್ನು 2013, 2016, 2017ರಲ್ಲಿ ಗೆದ್ದ ದೆಹಲಿಯ ಗೌರವ್ ಗಿಲ್‌ಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಮೋಟಾರ್ ಕ್ರೀಡೆಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿಗೂ ಹಳೆಯ ಹೆಸರಿದೆ. ಬೆಂಗಳೂರಿನ ಕರ್ಣ ಕಡೂರು ರಾಷ್ಟ್ರೀಯ ಚಾಂಪಿಯನ್ ಆದವರು.

ದಾರಿ ಮುಚ್ಚುವುದು ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ ನಮ್ಮ ದೇಶದಲ್ಲೇ ಒಂದು ದುಃಖದ ಉದಾಹರಣೆ ಇದೆ. 2019ರಲ್ಲಿ ರಾಜಸ್ಥಾನದ ಬಾರ್ಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ‍್ಯಾಲಿ ನಡೆಯುತ್ತಿದ್ದಾಗ ಸ್ಟೇಜಿನ ದಾರಿಗೆ ಒಂದು ಬೈಕ್ ಬಂದುಬಿಟ್ಟಿತು. ಒಂದೇ ಕುಟುಂಬದ ಮೂವರು ಜೀವ ಕಳೆದುಕೊಂಡರು. ರ‍್ಯಾಲಿ ನೋಡಲು ಹೋದರೆ ಸುರಕ್ಷತೆ ನೋಡಿಕೊಳ್ಳುವ ಮಾರ್ಷಲ್ ತೋರಿಸಿದ ಜಾಗದಲ್ಲೇ, ಎತ್ತರದಲ್ಲಿ ನಿಲ್ಲಿ. ತಿರುವಿನ ಹೊರ ಅಂಚಿನಲ್ಲಿ ಖಂಡಿತ ನಿಲ್ಲಬೇಡಿ. ಕಾರಿನ ಗ್ರಿಪ್ ಮುಗಿದರೆ ಅದು ಬರುವುದು ಅಲ್ಲಿಗೇ.

ಕಲಿಯುವ ಆಸೆ ಇರುವವರಿಗೆ ಕೊನೆಯದಾಗಿ ಕೆಲವು ಮಾತು. ಅಮೆರಿಕದ ಸಿಯಾಟಲ್ ಕಡೆ ಇರುವ ಕನ್ನಡಿಗರಿಗೆ ಸ್ನೋಕ್ವಾಲ್ಮಿಯ ಡರ್ಟ್‌ಫಿಶ್ ಶಾಲೆ ಹತ್ತಿರದಲ್ಲೇ ಇದೆ, ಹಳೆಯ ಮರದ ಮಿಲ್ಲಿನ ಜಾಗದಲ್ಲಿ. ಅಲ್ಲಿ ಸುಬಾರು ಕಾರುಗಳಲ್ಲಿ ಕಲಿಸುತ್ತಾರೆ. ಇಲ್ಲಿರುವವರು ಆಟೋಕ್ರಾಸ್‌ನಿಂದ ಶುರು ಮಾಡಬಹುದು. ಬಯಲಿನಲ್ಲಿ ಗುರುತು ಮಾಡಿದ ಮಣ್ಣಿನ ಟ್ರ್ಯಾಕ್, ಒಬ್ಬೊಬ್ಬರಾಗಿ ಓಟ. ವೇಗದ ರ‍್ಯಾಲಿಗೆ ಇಳಿಯಲು ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ, ಅಂದರೆ ಎಫ್‌ಎಂಎಸ್‌ಸಿಐ ಕೊಡುವ ಸ್ಪರ್ಧಾ ಲೈಸೆನ್ಸ್ ಬೇಕು. ಸ್ಟೇಜ್‌ಗಳ ನಡುವೆ ಸಾಮಾನ್ಯ ರಸ್ತೆಯಲ್ಲಿ ಓಡಿಸಬೇಕಾದ್ದರಿಂದ ಮಾಮೂಲಿ ಡ್ರೈವಿಂಗ್ ಲೈಸೆನ್ಸೂ ಇರಲೇಬೇಕು. ಇಷ್ಟಕ್ಕೆಲ್ಲ ಈಗಲೇ ಕೈಹಾಕುವ ಮನಸ್ಸಿಲ್ಲದಿದ್ದರೆ ಟಿಎಸ್‌ಡಿ (ಟೈಮ್, ಸ್ಪೀಡ್, ಡಿಸ್ಟೆನ್ಸ್) ರ‍್ಯಾಲಿ ಇದೆ. ಅದರಲ್ಲಿ ವೇಗಕ್ಕೆ ಬೆಲೆ ಇಲ್ಲ. ಹೇಳಿದ ದೂರವನ್ನು ಹೇಳಿದ ಸರಾಸರಿ ವೇಗದಲ್ಲಿ, ಹೇಳಿದ ಸಮಯಕ್ಕೆ ಸರಿಯಾಗಿ ಮುಟ್ಟಬೇಕು. ಬೇಗ ಬಂದರೂ ದಂಡ, ತಡವಾದರೂ ದಂಡ. ಮನೆಯ ಕಾರೇ ಸಾಕು, ಜೊತೆಗೆ ಲೆಕ್ಕ ಬರುವ ಒಬ್ಬ ಸ್ನೇಹಿತರು ಬೇಕು. ಕೋ-ಡ್ರೈವರ್ ಆಗುವ ಆಸೆ ಇದ್ದವರಿಗಂತೂ ಶುರು ಮಾಡಲು ಇದೇ ಸರಿಯಾದ ಜಾಗ.